ಅಜ್ಜಿಯ ಗಂಟು, ಸೈನಿಕನ ಚೀಲ

ದೂರದ ಚಾರಣಕ್ಕೆ ಹೊರಡೋ ಮುಂಚೆ ಒಂದು ಪಟ್ಟಿ ಬರುತ್ತೆ, ಗಮನಿಸಿದ್ದೀರಾ? ನಮ್ಮಂಥ ಸಾಫ್ಟ್‌ವೇರ್ ಜನರ ಗುಂಪಾದರೆ ಅದು ಸ್ಪ್ರೆಡ್‌ಶೀಟ್ ಆಗಿಯೇ ಬರುತ್ತೆ. ಹೆಡ್‌ಲ್ಯಾಂಪ್, ಮಳೆಕೋಟು, ಸ್ಲೀಪಿಂಗ್ ಬ್ಯಾಗು, ಅದರ ಕೆಳಗೆ ಹಾಸೋಕೆ ಮ್ಯಾಟು, ಎರಡು ಜೊತೆ ಸಾಕ್ಸು, ಪವರ್ ಬ್ಯಾಂಕು, ಗ್ಲೂಕೋಸು, ಜಿಗಣೆಗೆ ಉಪ್ಪು... ಎರಡು ದಿನದ ಕುಮಾರ ಪರ್ವತಕ್ಕೆ ಮೂವತ್ತು ಸಾಲು. ಎಲ್ಲದಕ್ಕೂ ಟಿಕ್ ಹಾಕಿ ಚೀಲ ಎತ್ತಿದರೆ ಬೆನ್ನು "ಯಾಕಪ್ಪಾ ಬೇಕಿತ್ತು ಇದೆಲ್ಲಾ?" ಅಂತ ಕೇಳುತ್ತೆ :)

ಈ ಪಟ್ಟಿಯನ್ನ ಮೊದಲು ಬರೆದವರು ಯಾರು? ತಿಂಗಳುಗಟ್ಟಲೆ ನಡೆದವರು ಹಿಂದೆಲ್ಲಾ ಏನು ಕಟ್ಟಿಕೊಂಡು ಹೋಗುತ್ತಿದ್ದರು? ಇದನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಹೆಚ್ಚಾಗಿ ಅಮೆರಿಕದವರ ಕಥೆಗಳು. ಮೂರು-ನಾಲ್ಕು ಸಾವಿರ ಕಿಲೋಮೀಟರ್ ನಡೆಯೋದನ್ನೇ ರಜೆಯ ಕೆಲಸ ಮಾಡಿಕೊಂಡವರು, ಚೀಲದಲ್ಲಿ ಏನಿತ್ತು ಅಂತ ಶ್ರದ್ಧೆಯಿಂದ ಬರೆದಿಟ್ಟವರು ಅಲ್ಲಿ ಬಹಳ ಜನ. ಅವರಲ್ಲಿ ಕೆಲವರ ಚೀಲಗಳನ್ನ ಒಂದೊಂದಾಗಿ ಬಿಚ್ಚಿ ನೋಡೋಣ ಬನ್ನಿ. ಬಿಚ್ಚುತ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು ಇಷ್ಟು: ಚೀಲದ ತೂಕಕ್ಕೂ ದಾರಿಯಲ್ಲಿ ಸಿಗುವ ಜನರಿಗೂ ನೇರ ಸಂಬಂಧ ಇದೆ. ಯಾರನ್ನು ಎಷ್ಟು ನಂಬಬಹುದು ಅನ್ನೋದರ ಮೇಲೆ ಏನನ್ನು ಹೊರಬೇಕು ಅನ್ನೋದು ನಿಂತಿರುತ್ತೆ.

*

ಮೊದಲನೇ ಚೀಲ 1867ರದ್ದು. ಅಮೆರಿಕದ ಅಂತರ್ಯುದ್ಧ ಮುಗಿದು ಆಗ ಎರಡೇ ವರ್ಷ. ಇಪ್ಪತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೆಂಟಕಿಯಿಂದ ದಕ್ಷಿಣಕ್ಕೆ, ಸಮುದ್ರ ಸಿಗೋವರೆಗೂ ನಡೀತೀನಿ ಅಂತ ಸೆಪ್ಟೆಂಬರಿನಲ್ಲಿ ಹೊರಟ. ಹೆಸರು ಜಾನ್ ಮ್ಯೂರ್. ಮುಂದೆ ಯೊಸೆಮಿಟಿಯ ಕಾಡು-ಕಣಿವೆಗಳನ್ನು ಉಳಿಸಲು ಹೋರಾಡಿ ದೇಶಕ್ಕೆಲ್ಲಾ ಗೊತ್ತಾದವನು. ಆಗಿನ್ನೂ ಯಾರಿಗೂ ಗೊತ್ತಿಲ್ಲ. ಯಂತ್ರಗಳ ಕೆಲಸದಲ್ಲಿ ಅವನದು ಪಳಗಿದ ಕೈ. ಅದೇ ವರ್ಷ ಮಾರ್ಚಿನಲ್ಲಿ ಇಂಡಿಯಾನಾಪೊಲಿಸ್ ಊರಿನ ಒಂದು ಕಾರ್ಖಾನೆಯಲ್ಲಿ ಯಂತ್ರದ ಬೆಲ್ಟ್ ಸರಿಮಾಡುತ್ತಿದ್ದಾಗ ಕೈಲಿದ್ದ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಇನ್ನೊಂದು ಕಣ್ಣೂ ಮಂಜಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದವನಿಗೆ ದೃಷ್ಟಿ ವಾಪಸ್ ಬಂದಾಗ, ಇನ್ನು ಈ ಯಂತ್ರಗಳ ಸಹವಾಸ ಸಾಕು, ನೋಡಬೇಕಾದ್ದನ್ನೆಲ್ಲ ಈಗಲೇ ನೋಡಿಬಿಡಬೇಕು ಅನ್ನಿಸಿತು. ಹೊರಟೇಬಿಟ್ಟ.

ಅವನ ಚೀಲದಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗಿರೋದು ಒಬ್ಬ ದರೋಡೆಕೋರನ ದಯೆಯಿಂದ! ಕಂಬರ್ಲೆಂಡ್ ಬೆಟ್ಟ ಹತ್ತುವಾಗ ಕುದುರೆ ಮೇಲೆ ಬಂದವನೊಬ್ಬ "ಚೀಲ ಕೊಡಿ, ನಾನು ಹೊತ್ತುಕೊಂಡು ಬರ್ತೀನಿ" ಅಂತ ಒತ್ತಾಯ ಮಾಡಿ ಇಸಿದುಕೊಂಡ. ಕುದುರೆಯನ್ನು ಮುಂದೆ ಓಡಿಸಿ, ಇವನ ಕಣ್ಣಿಗೆ ಮರೆಯಾದ ಮೇಲೆ ಚೀಲ ತಡಕಿದ. ಸಿಕ್ಕಿದ್ದು ಒಂದು ಬಾಚಣಿಗೆ, ಒಂದು ಬ್ರಷ್ಷು, ಟವೆಲ್ಲು, ಸೋಪು, ಬದಲಾಯಿಸೋಕೆ ಒಂದು ಜೊತೆ ಒಳಬಟ್ಟೆ, ರಾಬರ್ಟ್ ಬರ್ನ್ಸ್‌ನ ಪದ್ಯಗಳು, ಮಿಲ್ಟನ್ನನ ಕಾವ್ಯ, ಒಂದು ಪುಟ್ಟ ಹೊಸ ಒಡಂಬಡಿಕೆ. ಇವನ್ನು ಕದ್ದು ಅವನು ಮಾಡೋದಾದರೂ ಏನು ಪಾಪ? ಕಾದು ನಿಂತು ಚೀಲ ವಾಪಸ್ ಕೊಟ್ಟು, ಏನೋ ಮರೆತು ಬಂದೆ ಅಂತ ಹೇಳಿ ಬೆಟ್ಟ ಇಳಿದು ಹೋದ.

ಇವಲ್ಲದೆ ಗಿಡಗಳ ಎಲೆ-ಹೂವನ್ನು ಒತ್ತಿ ಒಣಗಿಸೋಕೆ ಒಂದು ಪ್ರೆಸ್ ಇತ್ತು, ಅಷ್ಟೇ. ಊಟ? ಮಲಗೋ ಜಾಗ? ದಾರಿಯಲ್ಲಿ ಸಿಕ್ಕ ಮನೆ ಬಾಗಿಲು ತಟ್ಟುತ್ತಿದ್ದ. ಯುದ್ಧದಲ್ಲಿ ಸುಟ್ಟು, ಸುಲಿಗೆಯಾಗಿ ಬಡವಾಗಿದ್ದ ಊರುಗಳವು. ಕೆಲವರು ಅನುಮಾನದಿಂದ ನೋಡಿದರು, ಹಲವರು ಇದ್ದದ್ದರಲ್ಲೇ ಬಡಿಸಿದರು. ಸವಾನಾ ಊರಿನಲ್ಲಿ ತಮ್ಮ ಕಳಿಸಬೇಕಿದ್ದ ದುಡ್ಡು ಬರೋದು ತಡವಾದಾಗ ಸ್ಮಶಾನದಲ್ಲಿ ಮಲಗಿ ದಿನ ಕಳೆದ. ಫ್ಲಾರಿಡಾದ ಕಡಲು ಮುಟ್ಟಿದ ಮೇಲೆ ಮಲೇರಿಯಾ ಬಂದು ತಿಂಗಳುಗಟ್ಟಲೆ ಮಲಗಿದಾಗ ಅವನನ್ನು ನೋಡಿಕೊಂಡಿದ್ದು ಅಲ್ಲಿನ ಒಂದು ಮರದ ಮಿಲ್ಲಿನ ಮಾಲೀಕನ ಮನೆಯವರು. ಅವನ ಪಟ್ಟಿಯಲ್ಲಿ ಔಷಧಿ ಇರಲಿಲ್ಲ, ಹೊದಿಕೆ ಇರಲಿಲ್ಲ. ಆ ಜಾಗದಲ್ಲಿ ಅಪರಿಚಿತರ ಮನೆಗಳಿದ್ದವು.

*

ಎರಡನೇ ಚೀಲಕ್ಕೆ ಬರೋ ಮುಂಚೆ ದಾರಿಯ ಬಗ್ಗೆ ಎರಡು ಮಾತು. ಅಮೆರಿಕದ ಪೂರ್ವ ಭಾಗದಲ್ಲಿ, ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್ ರಾಜ್ಯದವರೆಗೂ ಅಪಲೇಶಿಯನ್ ಬೆಟ್ಟಸಾಲು ಹಬ್ಬಿದೆ. ನಮ್ಮ ಸಹ್ಯಾದ್ರಿಯ ಹಾಗೆ ತುಂಬಾ ಹಳೆಯ, ಸವೆದ, ಹಸಿರು ಬೆಟ್ಟಗಳು. ಇವುಗಳ ನೆತ್ತಿಯ ಮೇಲೇ ಒಂದು ಕಾಲುದಾರಿ ಮಾಡೋಣ, ಪಟ್ಟಣದ ಜನ ರಜೆಯಲ್ಲಿ ಬಂದು ನಡೆದು ಉಸಿರಾಡಲಿ ಅಂತ ಬೆಂಟನ್ ಮೆಕೈ ಅನ್ನುವವರು 1921ರಲ್ಲಿ ಒಂದು ಲೇಖನ ಬರೆದರು. ಸ್ವಯಂಸೇವಕರು ಕಡಿದು, ಗುರುತು ಬಳಿದು, 1937ರ ಆಗಸ್ಟಿನಲ್ಲಿ ದಾರಿ ಮುಗಿಸಿದರು. ಹದಿನಾಲ್ಕು ರಾಜ್ಯ, ಇವತ್ತಿನ ಲೆಕ್ಕದಲ್ಲಿ ಸುಮಾರು 3,500 ಕಿಲೋಮೀಟರು. ರಜೆ ಸಿಕ್ಕಾಗ ಒಂದು ತುಂಡು, ಮುಂದಿನ ವರ್ಷ ಇನ್ನೊಂದು ತುಂಡು ಅಂತ ನಡೆಯಲಿ ಅನ್ನೋದು ಕಲ್ಪನೆ. ಒಂದೇ ಉಸಿರಿಗೆ ಇಡೀ ದಾರಿ ನಡೆಯೋದು ಮನುಷ್ಯನಿಗೆ ಆಗೋ ಕೆಲಸ ಅಲ್ಲ ಅಂತಲೇ ಬಹಳ ಜನ ಅಂದುಕೊಂಡಿದ್ದರು.

1948ರ ಏಪ್ರಿಲ್ 4ರಂದು ಅರ್ಲ್ ಶೇಫರ್ ಅನ್ನುವ ಒಬ್ಬ ಮಾಜಿ ಸೈನಿಕ ಜಾರ್ಜಿಯಾದ ತುದಿಯಿಂದ ಹೊರಟ. ಅವನಿಗೂ ಇಪ್ಪತ್ತೊಂಬತ್ತೇ ವರ್ಷ! ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ರೇಡಿಯೋ ಕೆಲಸ ಮಾಡಿದ್ದವನು. ಬಾಲ್ಯದ ಗೆಳೆಯನ ಜೊತೆ ಕೂಡಿ ಈ ದಾರಿ ನಡೀಬೇಕು ಅಂತ ಮಾತಾಡಿಕೊಂಡಿದ್ದರು. ಗೆಳೆಯ 1945ರಲ್ಲಿ ಇವೋ ಜೀಮಾ ದ್ವೀಪದ ಕದನದಲ್ಲಿ ತೀರಿಕೊಂಡ. ಯುದ್ಧ ಮುಗಿದರೂ ಶೇಫರನ ತಲೆಯಿಂದ ಯುದ್ಧ ಇಳಿಯಲಿಲ್ಲ. ಸೈನ್ಯವನ್ನು ಮೈಯಿಂದ ಇಳಿಸಿಕೊಳ್ಳೋಕೆ ನಡೆಯೋದೇ ದಾರಿ ಅಂತ ಹೊರಟವನು ಅವನು.

ವಿಚಿತ್ರ ನೋಡಿ, ಸೈನ್ಯವನ್ನು ಮರೆಯೋಕೆ ಹೊರಟವನ ಹೆಗಲ ಮೇಲೆ ಇದ್ದದ್ದು ಸೈನ್ಯದ್ದೇ ಚೀಲ! ಬೆಟ್ಟದ ಪಡೆಯವರಿಗೆ ಅಂತ ಮಾಡಿಸಿದ್ದ ರಕ್‌ಸ್ಯಾಕ್. ಅದಕ್ಕೆ ಕಾರಣವೂ ಇದೆ. ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮಿಕ್ಕಿದ ಚೀಲ, ಕಂಬಳಿ, ಪಾಂಚೋ, ಅಡುಗೆ ಡಬ್ಬಿಗಳು ಅಗ್ಗದ ಬೆಲೆಗೆ ಅಂಗಡಿಗಳಿಗೆ ಬಂದವು. ಒಂದು ತಲೆಮಾರಿನ ಅಮೆರಿಕನ್ನರು ಚಾರಣ ಕಲಿತಿದ್ದೇ ಈ ಸಾಮಾನುಗಳಿಂದ. ಗಟ್ಟಿ ಸಾಮಾನು, ಆದರೆ ಭಾರ. ಸೈನಿಕ ಹೊತ್ತುಕೊಳ್ಳುವುದು ಶತ್ರುವಿನ ನೆಲಕ್ಕೆ, ಅಲ್ಲಿ ಯಾರ ಮನೆ ಬಾಗಿಲನ್ನೂ ತಟ್ಟುವ ಹಾಗಿಲ್ಲ. ಹಾಗಾಗಿ ಸೈನ್ಯದ ಪಟ್ಟಿಯಲ್ಲಿ ಎಲ್ಲವೂ ಇರುತ್ತೆ. ನಮ್ಮ ಇವತ್ತಿನ ಸ್ಪ್ರೆಡ್‌ಶೀಟುಗಳಲ್ಲೂ ಅದರ ವಾಸನೆ ಇನ್ನೂ ಇದೆ ಅಂತ ನನ್ನ ಅನುಮಾನ.

ಶೇಫರ್ ದಾರಿಯಲ್ಲೇ ಒಂದೊಂದನ್ನಾಗಿ ಕಳಚುತ್ತಾ ಹೋದ. ಟೆಂಟು ಬಿಟ್ಟ, ಪಾಂಚೋ ಸಾಕು, ಮಳೆಗೂ ಅದೇ, ಮಲಗೋಕೂ ಅದೇ. ಸ್ಟೌ ಇಲ್ಲ, ಸೌದೆ ಬೆಂಕಿಯಲ್ಲೇ ಜೋಳದ ಹಿಟ್ಟಿನ ರೊಟ್ಟಿ ಬೇಯಿಸಿಕೊಂಡ. ತರಿಸಿಕೊಂಡಿದ್ದ ದಾರಿಯ ವಿವರಗಳು ಹೊರಡೋ ಹೊತ್ತಿಗೆ ಕೈಸೇರಲಿಲ್ಲ, ರಸ್ತೆ ನಕ್ಷೆಗಳನ್ನೇ ನಂಬಿ ನಡೆದ. ಇಡೀ ದಾರಿಗೆ ಒಂದೇ ಜೊತೆ ಬೂಟು. 124 ದಿನಗಳಾದ ಮೇಲೆ, ಆಗಸ್ಟ್ 5ರಂದು ಮೇನ್ ರಾಜ್ಯದ ಕಟಾಡಿನ್ ಬೆಟ್ಟದ ತುದಿ ಮುಟ್ಟಿದ. ದಾರಿ ನೋಡಿಕೊಳ್ಳುತ್ತಿದ್ದ ಸಂಘದವರು ಮೊದಲು ನಂಬಲೇ ಇಲ್ಲ. ಅವನ ದಿನಚರಿ ಮತ್ತು ಫೋಟೋ ಸ್ಲೈಡುಗಳನ್ನು ನೋಡಿ ಒಪ್ಪಿಕೊಂಡರು.

*

ನಾಲ್ಕು ವರ್ಷದ ನಂತರ, 1952ರಲ್ಲಿ, ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಊರಿನಲ್ಲಿ ಡಿಕ್ ಕೆಲ್ಟಿ ಅನ್ನುವ ಬಡಗಿ ಚೀಲದ ಇತಿಹಾಸವನ್ನೇ ಬದಲಾಯಿಸಿದರು. ಮನೆಯ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ ಚೌಕಟ್ಟು ಮಾಡುತ್ತಿದ್ದರು, ಹೆಂಡತಿ ನೀನಾ ನೈಲಾನ್ ಬಟ್ಟೆಯ ಚೀಲ ಹೊಲಿದು ಕೊಡುತ್ತಿದ್ದರು. ಇದರ ಹಿಂದೆ ಒಂದು ಕಥೆ ಹೇಳುತ್ತಾರೆ. ಒಮ್ಮೆ ಚಾರಣದಲ್ಲಿ ಕೆಲ್ಟಿ ಮತ್ತು ಗೆಳೆಯ, ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿ ನೋಡಿದರಂತೆ. ಹೆಗಲ ಮೇಲಿದ್ದ ಭಾರ ಸೊಂಟಕ್ಕೆ ಇಳಿದುಬಿಟ್ಟಿತು! ಸೊಂಟಕ್ಕೆ ಪಟ್ಟಿ ಕಟ್ಟುವ ಇವತ್ತಿನ ಚಾರಣದ ಚೀಲಗಳೆಲ್ಲಾ ಈ ಯೋಚನೆಯ ಮಕ್ಕಳು.

ಆದರೆ ಇದರಿಂದ ಚೀಲ ಹಗುರ ಆಯ್ತಾ? ಇಲ್ಲ. ಹೊರೋದು ಸುಲಭವಾದ ಕೂಡಲೇ ಜನ ಇನ್ನೂ ಹೆಚ್ಚು ತುಂಬಿದರು. ನಮ್ಮ ಫೀಲ್ಡಿನಲ್ಲಿ ಮೆಮೊರಿ ಅಗ್ಗ ಆದಷ್ಟೂ ಪ್ರೋಗ್ರಾಮುಗಳು ಊದಿಕೊಂಡ ಹಾಗೆ :) 1968ರಲ್ಲಿ ಕಾಲಿನ್ ಫ್ಲೆಚರ್ ಬರೆದ 'ದಿ ಕಂಪ್ಲೀಟ್ ವಾಕರ್' ಅನ್ನುವ ಪುಸ್ತಕ ಚಾರಣಿಗರಿಗೆ ವೇದವಾಯಿತು. ಅದರ ಕಲ್ಪನೆಯೇ 'ಬೆನ್ನ ಮೇಲೊಂದು ಮನೆ'. ಅಡುಗೆಮನೆ, ಮಲಗೋ ಕೋಣೆ, ಗೋಡೆ ಅಂತ ಅಧ್ಯಾಯಗಳು. ಫ್ಲೆಚರ್ ಕೂಡಾ ಹಿಂದೆ ಬ್ರಿಟಿಷ್ ಮೆರೀನ್ ಪಡೆಯಲ್ಲಿದ್ದವರು. 1963ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಒಳಗೇ ಒಬ್ಬರೇ ತಿಂಗಳುಗಟ್ಟಲೆ ನಡೆದರು. ಅಲ್ಲಿ ಬಾಗಿಲು ತಟ್ಟೋಕೆ ಮನೆಗಳೇ ಇಲ್ಲ, ವಿಮಾನದಿಂದ ಆಹಾರ ಇಳಿಸಬೇಕಾಯ್ತು. ಅಂಥ ಕಡೆ ಹೋಗೋರು ಮನೆಯನ್ನೇ ಹೊರಬೇಕು, ನಿಜ. ಆದರೆ ಊರಿಂದ ಊರಿಗೆ ನಡೆಯೋರೂ ಅದೇ ಮನೆ ಹೊರತೊಡಗಿದರು.

*

ಈಗ ನನಗೆ ತುಂಬಾ ಇಷ್ಟವಾದ ಚೀಲ. ಚೀಲ ಅನ್ನೋದಕ್ಕಿಂತ ಗಂಟು ಅಂದರೇ ಸರಿ.

ಎಮ್ಮಾ ಗೇಟ್‌ವುಡ್ ಹುಟ್ಟಿದ್ದು 1887ರಲ್ಲಿ, ಒಹಾಯೋ ರಾಜ್ಯದ ರೈತರ ಮನೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆ. ಹನ್ನೊಂದು ಮಕ್ಕಳು. ಹೊಲ, ಕೊಟ್ಟಿಗೆ, ಅಡುಗೆ, ಬಟ್ಟೆ ಹೊಲಿಯೋದು, ಎಲ್ಲಾ ಅವರದೇ. ಗಂಡ ಹೊಡೆಯುತ್ತಿದ್ದ. ಸಾಮಾನ್ಯ ಹೊಡೆತವಲ್ಲ, ಹಲ್ಲು ಮುರಿಯುವ, ಪಕ್ಕೆಲುಬು ಬಿರುಕು ಬಿಡುವ ಹೊಡೆತ. ಮೂವತ್ತು ವರ್ಷಕ್ಕೂ ಮೇಲೆ. ಒಮ್ಮೆ ಜಗಳದ ನಂತರ ಪೋಲೀಸರು ಹಿಡಿದುಕೊಂಡು ಹೋಗಿದ್ದು ಹೊಡೆದವನನ್ನಲ್ಲ, ಇವರನ್ನು! ಹೊಡೆತ ತಪ್ಪಿಸಿಕೊಳ್ಳಬೇಕಾದಾಗಲೆಲ್ಲ ಇವರು ಓಡುತ್ತಿದ್ದುದು ಮನೆಯ ಹಿಂದಿನ ಕಾಡಿಗೆ. ಕಾಡು ಅಂದರೆ ಹೆದರಿಕೆ ಅಲ್ಲ, ಹೆದರಿಕೆ ಇಲ್ಲದ ಜಾಗ ಅಂತ ಅವರಿಗೆ ಗೊತ್ತಾಗಿದ್ದು ಹಾಗೆ. 1941ರಲ್ಲಿ ವಿಚ್ಛೇದನ ಸಿಕ್ಕಿತು. ಆಗ ಅವರಿಗೆ ಐವತ್ತಮೂರು.

ಮಕ್ಕಳೆಲ್ಲ ದೊಡ್ಡವರಾದ ಮೇಲೆ, ಒಂದು ಹಳೆಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಪಲೇಶಿಯನ್ ದಾರಿಯ ಬಗ್ಗೆ 1949ರಲ್ಲಿ ಬಂದಿದ್ದ ಲೇಖನ ಅವರ ಕಣ್ಣಿಗೆ ಬಿತ್ತು. ಚೆಂದದ ಚಿತ್ರಗಳು, ದಾರಿ ಸಲೀಸು ಅನ್ನುವ ಹಾಗೆ ಬರೆದಿತ್ತು. 1954ರಲ್ಲಿ ಯಾರಿಗೂ ಹೇಳದೆ ಮೇನ್ ತುದಿಯಿಂದ ಹೊರಟರು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ತಂದಿದ್ದ ಊಟ ಮುಗಿಯಿತು. ಅಲ್ಲಿನ ಅರಣ್ಯ ಸಿಬ್ಬಂದಿ "ಅಜ್ಜೀ, ಮನೆಗೆ ಹೋಗಿ" ಅಂತ ಕಳಿಸಿಬಿಟ್ಟರು.

ಮುಂದಿನ ವರ್ಷದ ತಯಾರಿ ಹೇಗಿತ್ತು ಅಂತೀರಾ? ಮೊದಲು ಮನೆ ಇದ್ದ ಬೀದಿಗೆ ಒಂದು ಸುತ್ತು, ಆಮೇಲೆ ಎರಡು, ಹೀಗೇ ಹೆಚ್ಚಿಸುತ್ತಾ ದಿನಕ್ಕೆ ಹದಿನೈದು ಕಿಲೋಮೀಟರ್ ದಾಟಿಸಿದರು. ಒಂದು ಗಜ ಡೆನಿಮ್ ಬಟ್ಟೆ ತಂದು ಲಾಡಿ ಪೋಣಿಸಿದ ಚೀಲ ಹೊಲಿದರು. ಬೆನ್ನಿಗೆ ಹಾಕೋ ಚೀಲ ಅಲ್ಲ, ಒಂದೇ ಹೆಗಲ ಮೇಲೆ ಇಳಿಬಿಡೋ ಗಂಟು. ಅದರೊಳಗೆ: ಸೈನ್ಯದ ಒಂದು ಕಂಬಳಿ, ಒಂದು ಮಳೆಕೋಟು, ಬಚ್ಚಲುಮನೆಗೆ ಹಾಕೋ ಪ್ಲಾಸ್ಟಿಕ್ ಪರದೆ, ಒಂದು ಚಾಕು, ಟಾರ್ಚು, ಗಾಯಕ್ಕೆ ಅಯೋಡಿನ್ ಮತ್ತು ಪಟ್ಟಿ, ವಿಕ್ಸ್ ಡಬ್ಬಿ, ಪೆನ್ನು, ಸಣ್ಣ ನೋಟ್‌ಬುಕ್, ಊರೊಳಗೆ ಹೋದಾಗ ಹಾಕ್ಕೊಳ್ಳೋಕೆ ಒಂದು ಒಳ್ಳೇ ಬಟ್ಟೆ. ತಿನ್ನೋಕೆ ಒಣದ್ರಾಕ್ಷಿ, ಕಡಲೇಕಾಯಿ, ಹಾಲಿನ ಪುಡಿ, ಡಬ್ಬಿಯ ಸಾಸೇಜು, ಸಾರಿನ ಗಟ್ಟಿ. ಟೆಂಟಿಲ್ಲ, ಸ್ಲೀಪಿಂಗ್ ಬ್ಯಾಗಿಲ್ಲ, ನಕ್ಷೆ ಇಲ್ಲ. ಕಾಲಿಗೆ ಕೆಡ್ಸ್ ಕ್ಯಾನ್ವಾಸ್ ಶೂ. ಗಂಟಿನ ತೂಕ ಎಂಟು-ಒಂಬತ್ತು ಕಿಲೋ ದಾಟುತ್ತಿದ್ದುದೇ ಅಪರೂಪ.

ಬಚ್ಚಲುಮನೆ ಪರದೆಯ ವಿಷಯ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಮಲೆನಾಡಿನ ಕಂಬಳಿ ಕೊಪ್ಪೆ. ಒಂದೇ ಕಂಬಳಿ, ಮಡಿಸಿ ತಲೆಗೆ ಹಾಕಿದರೆ ಮಳೆಗೆ ಕೊಡೆ, ಬಿಡಿಸಿದರೆ ಹಾಸಿಗೆ, ಸುತ್ತಿದರೆ ಹೊದಿಕೆ. ಅಜ್ಜಿಯ ಪರದೆಯೂ ಹಾಗೇ. ಮೈಮೇಲೆ ಹೊದ್ದರೆ ಮಳೆ ತಡೆಯೋದು, ಕಟ್ಟಿದರೆ ಸೂರು. ಬಡತನದಲ್ಲಿ ಮನೆ ನಡೆಸಿದ ಹೆಂಗಸರಿಗೆ ಒಂದು ವಸ್ತುವಿನಿಂದ ನಾಲ್ಕು ಕೆಲಸ ತೆಗೆಯೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

1955ರ ಮೇ 3ರಂದು, ಈ ಸಲ ಜಾರ್ಜಿಯಾ ತುದಿಯಿಂದ ಹೊರಟರು. ವಯಸ್ಸು ಅರವತ್ತೇಳು. ಮಕ್ಕಳಿಗೆ ಹೇಳಿದ್ದು ಸ್ವಲ್ಪ ನಡೆದು ಬರ್ತೀನಿ ಅಂತ, ಅಷ್ಟೇ! ವರ್ಜೀನಿಯಾ ತಲುಪೋ ಹೊತ್ತಿಗೆ ಪತ್ರಿಕೆಯವರಿಗೆ ಸುದ್ದಿ ಸಿಕ್ಕಿತು, ಮಕ್ಕಳಿಗೂ ಆಮೇಲೆ ಗೊತ್ತಾಯಿತು. ಆಗಸ್ಟಿನಲ್ಲಿ ಕಾನಿ ಮತ್ತು ಡಯಾನ್ ಅನ್ನುವ ಎರಡು ಚಂಡಮಾರುತಗಳು ಒಂದರ ಹಿಂದೆ ಒಂದು ಬಂದು ಈಶಾನ್ಯದ ಹೊಳೆಗಳೆಲ್ಲ ಉಕ್ಕಿದವು. ವರ್ಮಾಂಟಿನಲ್ಲಿ ದಾಟಲಾಗದ ಒಂದು ಹೊಳೆಯನ್ನು ನೌಕಾಪಡೆಯ ಇಬ್ಬರು ಹುಡುಗರು ಅಜ್ಜಿಯನ್ನು ನಡುವೆ ಹಿಡಿದುಕೊಂಡು ದಾಟಿಸಿದರು. ಸೆಪ್ಟೆಂಬರ್ 25ರಂದು, 146ನೇ ದಿನ, ಕಟಾಡಿನ್ ತುದಿ. ಕನ್ನಡಕ ಮತ್ತೆ ಒಡೆದಿತ್ತು, ಕಾಲು ಉಳುಕಿತ್ತು, ಮೈ ತೂಕ ಸುಮಾರು ಹದಿಮೂರು ಕಿಲೋ ಇಳಿದಿತ್ತು, ಆರೇಳು ಜೊತೆ ಶೂ ಸವೆದಿದ್ದವು. ಈ ದಾರಿಯನ್ನ ಒಬ್ಬಳೇ, ಒಂದೇ ಋತುವಿನಲ್ಲಿ ಪೂರ್ತಿ ನಡೆದ ಮೊದಲ ಹೆಂಗಸು ಅವರು. ದಾರಿ ಹೇಗಿತ್ತು ಅಂತ ಕೇಳಿದವರಿಗೆ ಮುಲಾಜಿಲ್ಲದೆ ಬೈದರು: ಬಿದ್ದ ಮರಗಳು, ಅಳಿಸಿಹೋದ ಗುರುತುಗಳು, ಕುಸಿದ ತಂಗುದಾಣಗಳು. ಆ ಬೈಗುಳದಿಂದಲೇ ಕೆಲವು ಕಡೆ ದಾರಿ ರಿಪೇರಿ ಆಯಿತಂತೆ :)

*

ಇಲ್ಲಿಗೆ ನಿಲ್ಲಿಸಿದರೆ "ನೋಡಿ, ಅಜ್ಜಿ ಪರದೆ ಹಿಡಿದು ಹೋದರು, ನೀವೂ ಹೋಗಿ" ಅನ್ನುವ ಸ್ಫೂರ್ತಿ ಕಥೆ ಆಗಿಬಿಡುತ್ತೆ. ಆದರೆ ಆ ಗಂಟು ಅಷ್ಟು ಹಗುರ ಇದ್ದದ್ದು ಹೇಗೆ ಅಂತ ಕೇಳಲೇಬೇಕು.

ಅಜ್ಜಿಯ ಡೈರಿಯ ತುಂಬಾ ಮನೆಗಳಿವೆ. ಕತ್ತಲಾದಾಗ ಬಾಗಿಲು ತಟ್ಟಿ ಮಲಗೋಕೆ ಜಾಗ ಕೇಳುತ್ತಿದ್ದರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು, ಆ ರಾತ್ರಿ ಎಲೆಯ ರಾಶಿಯ ಮೇಲೋ ಹುಲ್ಲಿನ ಮೇಲೋ ಮಲಗಿದರು. ಬಹಳ ಜನ ಒಳಗೆ ಕರೆದು ಊಟ ಹಾಕಿದರು, ಮರುದಿನಕ್ಕೆ ಬುತ್ತಿ ಕಟ್ಟಿಕೊಟ್ಟರು. ಟೆಂಟಿನ ತೂಕ, ಸ್ಟೌವಿನ ತೂಕ ಆ ಮನೆಗಳಲ್ಲಿತ್ತು.

ಇನ್ನೂ ಮುಂದೆ ಹೋದವರೂ ಇದ್ದಾರೆ. ಅಜ್ಜಿಗಿಂತ ಮೂರು ವರ್ಷ ಮುಂಚೆ, 1952ರಲ್ಲಿ, ಮಿಲ್ಡ್ರೆಡ್ ನಾರ್ಮನ್ ಅನ್ನುವವರು ಒಬ್ಬ ಸಂಗಾತಿಯ ಜೊತೆ ಇದೇ ದಾರಿ ಮುಗಿಸಿದ್ದರು. ಮರುವರ್ಷದಿಂದ 'ಪೀಸ್ ಪಿಲ್‌ಗ್ರಿಮ್' ಅಂತ ಹೆಸರಿಟ್ಟುಕೊಂಡು ಶಾಂತಿಗಾಗಿ ದೇಶದ ಉದ್ದಗಲ ನಡೆಯೋಕೆ ಶುರುಮಾಡಿ, 1981ರಲ್ಲಿ ತೀರಿಕೊಳ್ಳುವವರೆಗೂ ನಡೆದರು. ಚೀಲವೇ ಇಲ್ಲ. ಅಂಗಿಯ ಜೇಬುಗಳಲ್ಲಿ ಬಾಚಣಿಗೆ, ಮಡಚೋ ಹಲ್ಲುಜ್ಜೋ ಬ್ರಷ್ಷು, ಪೆನ್ನು, ಒಂದಿಷ್ಟು ಕಾಗದ. ಕೊಟ್ಟರೆ ತಿನ್ನೋದು, ಕರೆದರೆ ಮಲಗೋದು.

ಇದನ್ನು ಓದಿದಾಗ ಉತ್ತರ ಕರ್ನಾಟಕದವರಿಗೆ ಅಷ್ಟೇನೂ ಆಶ್ಚರ್ಯ ಆಗಲಿಕ್ಕಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಕೈಯಲ್ಲಿ ಏನಿರುತ್ತೆ ನೋಡಿ: ಒಂದು ಚೀಲ, ಒಂದು ಹೊದಿಕೆ, ನೀರಿನ ಬಾಟಲಿ. ನೂರಾರು ಕಿಲೋಮೀಟರ್ ದಾರಿಯುದ್ದಕ್ಕೂ ಊರಿನವರು ಪೆಂಡಾಲ್ ಹಾಕಿ ದಾಸೋಹ ನಡೆಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಅಷ್ಟು ಜನ ಹೊರೋಕೆ ನಿಂತಾಗ ನಡೆಯೋನು ಹೊರೋದು ಏನೂ ಉಳಿಯೋದಿಲ್ಲ.

ಆದರೆ ಬಾಗಿಲು ಎಲ್ಲರಿಗೂ ತೆರೆಯುತ್ತಾ? ಮ್ಯೂರ್, ಶೇಫರ್, ಅಜ್ಜಿ, ಮೂವರೂ ಬಿಳಿಯರು. ಅಪಲೇಶಿಯನ್ ದಾರಿ ವರ್ಜೀನಿಯಾದಲ್ಲಿ ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಮೂಲಕ ಹಾದುಹೋಗುತ್ತೆ. ಅಲ್ಲಿ ಕಪ್ಪು ಜನರಿಗೆ ಅಂತಲೇ ಲೂಯಿಸ್ ಮೌಂಟನ್ ಎಂಬಲ್ಲಿ ಬೇರೆ ತಂಗುದಾಣ ಮಾಡಿದ್ದರು. ಆ ಭೇದ ಪೂರ್ತಿ ಹೋಗಿದ್ದು 1950ರ ಹೊತ್ತಿಗೆ, ಅಜ್ಜಿ ಅಲ್ಲಿ ನಡೆಯೋದಕ್ಕೆ ಐದೇ ವರ್ಷ ಮುಂಚೆ. ಉದ್ಯಾನದ ಬೇಲಿಯ ಹೊರಗೆ, ದಕ್ಷಿಣದ ಊರುಗಳಲ್ಲಿ ಅದು ಇನ್ನೂ ಇತ್ತು. ವಿಕ್ಟರ್ ಗ್ರೀನ್ ಎಂಬ ಹಾರ್ಲೆಮ್‌ನ ಅಂಚೆ ನೌಕರರೊಬ್ಬರು 1936ರಿಂದ 'ಗ್ರೀನ್ ಬುಕ್' ಅನ್ನುವ ಕೈಪಿಡಿ ತರುತ್ತಿದ್ದರು: ಕಪ್ಪು ಪ್ರಯಾಣಿಕರಿಗೆ ಯಾವ ಊರಿನಲ್ಲಿ ಯಾವ ಹೋಟೆಲು, ಯಾವ ಮನೆ ಬಾಗಿಲು ತೆರೆಯುತ್ತೆ ಅಂತ ಪಟ್ಟಿ. 1960ರ ದಶಕದ ನಡುವಿನವರೆಗೂ ಅದು ಬೇಕಾಗಿತ್ತು. ಅಂದರೆ ಅವರ ಪ್ರಯಾಣದ ತಯಾರಿಯಲ್ಲಿ ಮೊದಲು ಕಟ್ಟಿಕೊಳ್ಳಬೇಕಾದ ವಸ್ತು ಅದೇ. ಅಜ್ಜಿ ಉತ್ತರದ ಬೆಟ್ಟಗಳಲ್ಲಿ ನಡೆಯುತ್ತಿದ್ದ ಅದೇ 1955ರ ಆಗಸ್ಟಿನಲ್ಲಿ, ಶಿಕಾಗೋದಿಂದ ಮಿಸಿಸಿಪ್ಪಿಗೆ ನೆಂಟರ ಮನೆಗೆ ರಜೆಗೆ ಬಂದಿದ್ದ ಹದಿನಾಲ್ಕು ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನನ್ನು, ಒಬ್ಬ ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನುವ ಆರೋಪಕ್ಕೆ ಕೊಂದು ಹೊಳೆಗೆ ಎಸೆದರು.

ಅಜ್ಜಿಯ ಸಾಹಸ ಇದರಿಂದ ಒಂದಿಷ್ಟೂ ಸಣ್ಣದಾಗೋದಿಲ್ಲ. ತನ್ನ ಮನೆಯೊಳಗೇ ರಕ್ಷಣೆ ಸಿಗದ ಹೆಂಗಸು ಅಪರಿಚಿತರ ಮನೆಗಳನ್ನು ನಂಬಿ ಹೊರಟರಲ್ಲ, ಅದು ಸಣ್ಣ ಮಾತಲ್ಲ. ಆದರೆ ಅದೇ ಡೆನಿಮ್ ಗಂಟು ಇನ್ನೊಬ್ಬರ ಹೆಗಲ ಮೇಲೆ ಅಷ್ಟೇ ಹಗುರ ಇರುತ್ತಿರಲಿಲ್ಲ. ತಕ್ಕಡಿಯಲ್ಲಿ ಕಾಣದ ತೂಕ ಅದು. ನಮ್ಮೂರ ದಾರಿಗಳಲ್ಲೂ ಯಾರ ಹೆಸರು ಕೇಳಿದರೆ ಬಾಗಿಲು ತೆರೆಯುತ್ತೆ, ಯಾರಿಗೆ ಜಗಲಿಯಲ್ಲೇ ನೀರು ಸಿಗುತ್ತೆ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

*

ಕೊನೆಯ ಚೀಲ ನಮ್ಮ ಜಾತಿಯವನದ್ದು. ಗಾಬರಿಯಾಗಬೇಡಿ, ಇಂಜಿನಿಯರುಗಳ ಜಾತಿ :) ರೇ ಜಾರ್ಡೈನ್ ಅಮೆರಿಕದ ಒಂದು ಅಂತರಿ‌ಕ್ಷ ಕಂಪನಿಯಲ್ಲಿ ಗಗನಯಾನದ ಸಿಮ್ಯುಲೇಶನ್ ಕೆಲಸ ಮಾಡುತ್ತಿದ್ದು, ಬೇಸತ್ತು ಬಿಟ್ಟು, ಬಂಡೆ ಹತ್ತೋಕೆ ಹೋದವರು. ಹತ್ತುವವರು ಬಿರುಕಿನಲ್ಲಿ ಸಿಕ್ಕಿಸುವ 'ಫ್ರೆಂಡ್' ಅನ್ನುವ ಸ್ಪ್ರಿಂಗ್ ಸಾಧನ ಅವರದೇ ಆವಿಷ್ಕಾರ. 1987, 1991, 1994, ಮೂರು ಸಲ ಹೆಂಡತಿ ಜೆನ್ನಿಯ ಜೊತೆ ಪಶ್ಚಿಮ ಕರಾವಳಿಯ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆದರು. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಗೆ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು. ಪ್ರತಿ ಸಲವೂ ಚೀಲ ಇಳಿಯಿತು. ಮೂರನೇ ಸಲ ಊಟ-ನೀರು ಬಿಟ್ಟು ಸುಮಾರು ನಾಲ್ಕು ಕಿಲೋ.

ಅವರ ಲೆಕ್ಕ ಒಂದು ಫೀಡ್‌ಬ್ಯಾಕ್ ಲೂಪ್. ಒಳಗಿನ ಸಾಮಾನು ಹಗುರವಾದರೆ ಚೀಲಕ್ಕೆ ಚೌಕಟ್ಟೇ ಬೇಡ, ಅಲ್ಲಿ ಒಂದೂವರೆ ಕಿಲೋ ಉಳಿಯಿತು. ಭಾರ ಇಲ್ಲದಿದ್ದರೆ ಬೂಟು ಬೇಡ, ಓಡೋ ಶೂ ಸಾಕು. ಕಾಲಿಗೆ ಕಟ್ಟಿದ ತೂಕ ಬೆನ್ನಿನ ತೂಕಕ್ಕಿಂತ ಎಷ್ಟೋ ಪಾಲು ದಣಿಸುತ್ತೆ. ದಣಿವಿಲ್ಲದಿದ್ದರೆ ದಿನಕ್ಕೆ ಹೆಚ್ಚು ದೂರ. ದಿನಕ್ಕೆ ಒಬ್ಬರಿಗೆ 700-900 ಗ್ರಾಂ ಒಣ ಆಹಾರ ಬೇಕು ಅಂತ ಇಟ್ಟುಕೊಳ್ಳಿ. ಐದು ದಿನದ ದಾರಿ ನಾಲ್ಕು ದಿನಕ್ಕೆ ಮುಗಿದರೆ ಚೀಲದಿಂದ ಇನ್ನೊಂದು ಮುಕ್ಕಾಲು ಕಿಲೋ ಹೋಯಿತು. ಕೆಲ್ಟಿಯ ಚೌಕಟ್ಟಿನಿಂದ ಶುರುವಾದ ಸುರುಳಿ ಮೇಲಕ್ಕೆ ಹೋಗುತ್ತಿತ್ತು. ಜಾರ್ಡೈನ್ ಅದನ್ನೇ ಉಲ್ಟಾ ತಿರುಗಿಸಿದರು. ಟೆಂಟಿನ ಬದಲು ಟಾರ್ಪಾಲು, ಸ್ಲೀಪಿಂಗ್ ಬ್ಯಾಗಿನ ಬದಲು ಕೌದಿ, ಚೀಲ ಸ್ವಂತ ಹೊಲಿಗೆ. 1990ರ ದಶಕದಲ್ಲಿ ಇದನ್ನೆಲ್ಲಾ ಪುಸ್ತಕವಾಗಿ ಬರೆದ ಮೇಲೆ ದೊಡ್ಡ ಪಂಥವೇ ಹುಟ್ಟಿತು. ಪಟ್ಟಿಯ ಕಡೆ ಒಮ್ಮೆ ಗಮನವಿಟ್ಟು ನೋಡಿ: ಟಾರ್ಪಾಲು, ಹೊದಿಕೆ, ತೆಳು ಶೂ, ಮನೆಯಲ್ಲಿ ಹೊಲಿದ ಚೀಲ. ಇಂಜಿನಿಯರು ಲೆಕ್ಕ ಹಾಕಿ ತಲುಪಿದ ಉತ್ತರಕ್ಕೆ ಅಜ್ಜಿ 1955ರಲ್ಲೇ ತಲುಪಿದ್ದರು!

ಆದರೆ ಈ ನಾಲ್ಕು ಕಿಲೋದ ಹಿಂದೆಯೂ ಜನರಿದ್ದಾರೆ. ನಡೆಯೋದಕ್ಕೆ ತಿಂಗಳುಗಳ ಮುಂಚೆ ಊಟದ ಪೆಟ್ಟಿಗೆಗಳನ್ನು ಕಟ್ಟಿ ಬೆಟ್ಟದ ಬುಡದ ಪುಟ್ಟ ಪುಟ್ಟ ಊರುಗಳ ಅಂಚೆ ಕಚೇರಿಗಳಿಗೆ ಕಳಿಸುವ ಪದ್ಧತಿ ಅಲ್ಲಿದೆ. ಪೋಸ್ಟ್ ಮಾಸ್ಟರ್ ಅದನ್ನು ಎತ್ತಿಟ್ಟು, ಗಡ್ಡ ಬೆಳೆದು ಬೆವರು ನಾರುವ ಚಾರಣಿಗ ಬಂದಾಗ ಕೊಡುತ್ತಾರೆ. ದಾರಿಯಲ್ಲಿ ಬಿದ್ದ ಮರ ಕಡಿಯೋರು, ನೀರು ಎಲ್ಲಿದೆ ಅಂತ ಬರೆದಿಡೋರು, ಕಾಲು ಮುರಿದರೆ ಹುಡುಕಿಕೊಂಡು ಬರೋರು, ಇವರಲ್ಲಿ ಯಾರ ತೂಕವೂ ಗ್ರಾಂ ಲೆಕ್ಕದ ಪಟ್ಟಿಯಲ್ಲಿ ಬರೋದಿಲ್ಲ. ಇವರೆಲ್ಲ ಇಲ್ಲದ ಕಡೆ, ಉದಾಹರಣೆಗೆ ಹಿಮಾಲಯದ ಒಳಗಣಿವೆಗಳಲ್ಲಿ, ನಾಲ್ಕು ಕಿಲೋದ ಹಟ ಮಾಡಿದರೆ ಅದು ಬುದ್ಧಿವಂತಿಕೆ ಅಲ್ಲ. ಅಲ್ಲಿ ಫ್ಲೆಚರ್ ಹೇಳಿದ 'ಬೆನ್ನ ಮೇಲಿನ ಮನೆ'ಯೇ ಸರಿ. ಹಾಗಾಗಿ ಯಾರ ಪಟ್ಟಿಯನ್ನೇ ಆಗಲಿ ಹಾಗೇ ನಕಲು ಮಾಡೋ ಮುಂಚೆ ಆ ಪಟ್ಟಿ ಹುಟ್ಟಿದ ದಾರಿ ಯಾವುದು, ಆ ದಾರಿಯಲ್ಲಿ ಯಾರಿದ್ದರು ಅಂತ ಕೇಳಿಕೊಳ್ಳೋದು ಒಳ್ಳೇದು.

ಎಮ್ಮಾ ಅಜ್ಜಿ 1957ರಲ್ಲಿ ಅಪಲೇಶಿಯನ್ ದಾರಿಯನ್ನು ಎರಡನೇ ಸಲ ಮುಗಿಸಿದರು. 1959ರಲ್ಲಿ ಹಳೆಯ ಆರೆಗಾನ್ ಗಾಡಿದಾರಿಯಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದರು. 1964ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅಪಲೇಶಿಯನ್ನಿನ ಮೂರನೇ ಸುತ್ತನ್ನು ತುಂಡು ತುಂಡಾಗಿ ಪೂರೈಸಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಮ್ಮ ಒಹಾಯೋದಲ್ಲಿ 'ಬಕೈ ಟ್ರೇಲ್' ಅನ್ನುವ ಕಾಲುದಾರಿ ಮಾಡಲು 1959ರಲ್ಲಿ ಹುಟ್ಟಿದ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ವಯಸ್ಸಾದ ಮೇಲೂ ತಮ್ಮೂರಿನ ಕಡೆಯ ಪೊದೆ ಸವರಿ, ಮರಗಳಿಗೆ ದಾರಿಯ ಗುರುತು ಬಳಿಯುತ್ತಿದ್ದರು. 1973ರಲ್ಲಿ ಎಂಬತ್ತೈದು ವರ್ಷದವರಾಗಿದ್ದಾಗ ತೀರಿಕೊಂಡರು. ಅವರು ಗುರುತು ಹಾಕಿದ ದಾರಿಯಲ್ಲಿ ಆಮೇಲೆ ನಡೆದವರು ಎಷ್ಟು ಜನವೋ. ಅವರೆಲ್ಲರ ಚೀಲ ಅಷ್ಟರ ಮಟ್ಟಿಗೆ ಹಗುರವಾಗಿರುತ್ತೆ.